ಹೊಟ್ಟೆನೀರಿನ ಹಿಮ

ಊರಿಗೆ ಹಿಮ ಬರುತ್ತದೆ ಎಂಬ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಹಣ್ಣಿನಂಗಡಿಯವನ ಬಾಯಲ್ಲಿ. ಅದಕ್ಕೇ ನಂಬಲಿಲ್ಲ. ಹಿಂದಿನ ವರ್ಷ ಇದೇ ಮನುಷ್ಯ ನಮ್ಮ ಬೀದಿಯ ತುದಿಯ ಬಯಲಲ್ಲಿ ವಿಮಾನ ಇಳಿಯುತ್ತದೆ ಎಂದು ಹೇಳಿ ಅರ್ಧ ಬೀದಿಯನ್ನು ಮಾಳಿಗೆ ಹತ್ತಿಸಿದ್ದ. ವರ್ಷದಲ್ಲಿ ಹತ್ತು ತಿಂಗಳು ಬೆವರು ಒರೆಸಿಕೊಳ್ಳುವ ಊರು ನಮ್ಮದು. ಉಳಿದೆರಡು ತಿಂಗಳು, ಬೆವರು ಯಾಕೆ ಬರಲಿಲ್ಲ ಎಂದು ಆಶ್ಚರ್ಯಪಡುತ್ತೇವೆ.

“ಬರೀ ಹಿಮ ಅಲ್ಲಕ್ಕ, ಹಿಮದ ಗುಡ್ಡ,” ಎಂದ ಅವನು, ತಕ್ಕಡಿಯ ಮುಳ್ಳು ನೋಡುತ್ತಾ. “ಸೂರಿನ ಕೆಳಗೆ. ಕಾಲಿಗೆ ಹಲಗೆ ಕಟ್ಕೊಂಡು ಮೇಲಿಂದ ಕೆಳಗೆ ಜಾರೋದು.”

“ಜಾರಿ ಎಲ್ಲಿಗೆ ಹೋಗೋದು?”

“ಎಲ್ಲಿಗೂ ಇಲ್ಲ. ಮತ್ತೆ ಮೇಲಕ್ಕೆ ಹೋಗಿ ಮತ್ತೆ ಜಾರೋದು.”

“ನಮ್ಮನೆಯವರು ದಿನಾ ಮಾಡೋದೂ ಅದೇ ತಾನೆ,” ಎಂದೆ. ನನ್ನ ಗಂಡ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುತ್ತಾನೆ. ಮಾರುಕಟ್ಟೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮಾರುಕಟ್ಟೆಗೆ.

ಆದರೆ ಈ ಸಲ ಹಣ್ಣಿನಂಗಡಿಯವನು ಹೇಳಿದ್ದು ನಿಜವಾಗಿತ್ತು. ಹಿಮದ ಗುಡ್ಡ ಬರುವುದು ಬೇರೆಲ್ಲೂ ಅಲ್ಲ, ನಾನು ಕೆಲಸ ಮಾಡುವ ಮಂಜುಗಡ್ಡೆ ಕಾರ್ಖಾನೆಯನ್ನು ಮುಚ್ಚಿ ಅದೇ ಜಾಗದಲ್ಲಿ ಎಂದು ಮರುದಿನ ಮಾಲೀಕರೇ ಹೇಳಿದರು.

ಕಾರ್ಖಾನೆಗೆ ವಯಸ್ಸಾಗಿತ್ತು. ಮನೆಮನೆಗೂ ಫ್ರಿಜ್ಜು ಬಂದ ಮೇಲೆ, ಮೀನಿನ ಮಾರುಕಟ್ಟೆಯವರು ತಮ್ಮದೇ ಯಂತ್ರ ಕೂರಿಸಿಕೊಂಡ ಮೇಲೆ, ನಮ್ಮ ಗಡ್ಡೆಗಳನ್ನು ಕೇಳುವವರು ಕಡಿಮೆಯಾಗಿದ್ದರು. ಹತ್ತೊಂಬತ್ತು ಜನ ಉಳಿದಿದ್ದೆವು. ಅವರಲ್ಲಿ ಮೊದಲನೆಯವರು ನನ್ನ ಮಾವ, ಅಂದರೆ ಗಂಡನ ತಂದೆ. ಮೂವತ್ತೆಂಟು ವರ್ಷದಿಂದ ಅಲ್ಲಿನ ಮೇಸ್ತ್ರಿ. ಕೊನೆಯವಳು ನಾನು.

ಮಾವನನ್ನು ಎಲ್ಲರೂ ಗಾಜು ಮೇಸ್ತ್ರಿ ಎನ್ನುತ್ತಿದ್ದರು. ತಗಡಿನ ಡಬ್ಬಿಗೆ ನೀರು ತುಂಬಿ ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟರೆ ಯಾರ ಕೈಯಲ್ಲಾದರೂ ಗಡ್ಡೆ ಆಗುತ್ತದೆ. ಆದರೆ ನಡುವೆ ಬೆಳ್ಳಗೆ ಮೋಡ ಕಟ್ಟಿಕೊಂಡಿರುತ್ತದೆ. ಮಾವನ ಗಡ್ಡೆಯಲ್ಲಿ ಮೋಡ ಇರುತ್ತಿರಲಿಲ್ಲ. ನೀರು ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತಾ ಬಂದ ಹಾಗೆ ಅದರಲ್ಲಿರುವ ಧೂಳು, ಸುಣ್ಣ, ಗಾಳಿ ಎಲ್ಲ ನಡುವಿಗೆ ಸರಿಯುತ್ತವೆ. ಆ ನಡುವಿನ ನೀರಿಗೆ ನಾವು ಹೊಟ್ಟೆನೀರು ಎನ್ನುತ್ತೇವೆ. ಅದು ಹೆಪ್ಪುಗಟ್ಟುವ ಮೊದಲೇ ಹೀರಿ ತೆಗೆದು ಆ ಜಾಗಕ್ಕೆ ಸೋಸಿದ ನೀರು ತುಂಬಬೇಕು. ಗಡ್ಡೆ ಹೊರಬಂದ ಮೇಲೆ ಮಾವ ಅದರ ಹಿಂದೆ ಅಂದಿನ ದಿನಪತ್ರಿಕೆ ಹಿಡಿಸಿ ಈಚೆಯಿಂದ ಓದುತ್ತಿದ್ದರು. ತಲೆಬರಹ ಓದಲು ಬಂದರೆ ಸಾಲದು, ನಿಧನ ವಾರ್ತೆಯ ಸಣ್ಣ ಅಕ್ಷರವೂ ಬರಬೇಕು. ಬರದಿದ್ದರೆ ಆ ಗಡ್ಡೆಯನ್ನು ಅಲ್ಲೇ ಒಡೆಸಿಬಿಡುತ್ತಿದ್ದರು.

ನನ್ನ ಕೆಲಸ ಹೊಟ್ಟೆನೀರು. ಕೈಪಂಪಿನಿಂದ ಹೀರು, ಬಕೆಟ್ಟಿಗೆ ತುಂಬು, ಹಿತ್ತಲ ಚರಂಡಿಗೆ ಚೆಲ್ಲು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಗಡ್ಡೆಯನ್ನೂ ಮಾವ ನನ್ನ ಕೈಗೆ ಬಿಟ್ಟಿರಲಿಲ್ಲ. “ನಿನಗೆ ಆತುರ ಜಾಸ್ತಿ,” ಎನ್ನುತ್ತಿದ್ದರು. ಆತುರ ಇದ್ದದ್ದು ನಿಜ, ಬಾಯಿಯೂ ಸ್ವಲ್ಪ ಉದ್ದವೇ. ಆದರೆ ಆತುರದವಳಿಗೆ ಹನ್ನೊಂದು ವರ್ಷ ಬಕೆಟ್ಟು ಹೊರಿಸಿದರೆ ಅವಳು ನಿಧಾನವಾಗುತ್ತಾಳೆಯೇ? ಕೋಪ ಬರುತ್ತದೆ, ಅಷ್ಟೆ.

ಹಿಮದ ಗುಡ್ಡದ ನಕ್ಷೆಯನ್ನು ತಂದವಳು ಒಬ್ಬ ಇಂಜಿನಿಯರ್ ಹುಡುಗಿ. ನಾವು ಚಹಾ ಕುಡಿಯುವ ಮೇಜಿನ ಮೇಲೆ ಅದನ್ನು ಹರಡಿ, ಮುದುಡದ ಹಾಗೆ ನಾಲ್ಕು ಮೂಲೆಗೂ ನಮ್ಮದೇ ಲೋಟ ಇಟ್ಟಳು. ಅವಳ ಜೊತೆ ಮೇಯರ್ ಬಂದಿದ್ದರು. ಭಾರಿ ಆಳು, ದಪ್ಪ ಮೀಸೆ. ನಗುವಾಗ ಮೀಸೆ ಮೊದಲು ನಗುತ್ತಿತ್ತು, ಆಮೇಲೆ ಅವರು.

“ಹೊರಗಿನ ಕಂಪನಿಯವರು ಯಂತ್ರ, ಆಳು ಎಲ್ಲ ತಾವೇ ತರ್ತೀವಿ ಅಂತಿದಾರೆ,” ಎಂದರು ಮೇಯರ್. “ನನಗೆ ಅದು ಸರಿ ಕಾಣ್ತಿಲ್ಲ. ಇಷ್ಟು ವರ್ಷದಿಂದ ನೀರು ಹೆಪ್ಪುಗಟ್ಟಿಸ್ತಿರೋ ಜನ ಇಲ್ಲೇ ಇದೀರಿ. ಒಂದು ಕೋಣೆ ತುಂಬ ಹಿಮ ಮಾಡಿ ನಮ್ಮ ಸಮಿತಿಗೆ ತೋರಿಸಿ. ಯಾರು ಮಾಡ್ತಾರೋ ಅವರೇ ನಾಳೆ ಗುಡ್ಡದ ಹಿಮಕ್ಕೆ ಮುಖ್ಯಸ್ಥರು, ಉಳಿದವರೆಲ್ಲ ಅವರ ಜೊತೆಗೆ. ಆಗಲಿಲ್ಲ ಅಂದ್ರೆ ಕಂಪನಿಯವರೇ ಬರಲಿ, ನಾನು ತಡೆಯಲ್ಲ.”

ಹದಿನೆಂಟು ಜನ ಒಟ್ಟಿಗೆ ಮಾವನ ಕಡೆ ನೋಡಿದರು. ಮಾವ ನೆಲ ನೋಡಿದರು, ಆದರೆ ಕಿವಿ ಕೆಂಪಗಾಗಿತ್ತು. ಅರವತ್ತೆರಡು ವಯಸ್ಸಿಗೆ ಮನೆಯಲ್ಲಿ ಅತ್ತೆಯ ಹೊಲಿಗೆ ಯಂತ್ರದ ಪಕ್ಕ ಕೂತು ದಾರ ಪೋಣಿಸಿ ಕೊಡುವ ಭಯ ಅವರಿಗೆ ಎಷ್ಟಿತ್ತು ಎಂದು ನನಗೆ ಗೊತ್ತು. ನನಗೂ ಆ ಕೆಲಸ ಬೇಕು ಎನ್ನಿಸಿತು, ತುಂಬಾ ಬೇಕು ಎನ್ನಿಸಿತು. ಆದರೆ ಬಕೆಟ್ಟಿನವಳನ್ನು ಯಾರು ಕೇಳುತ್ತಾರೆ? ಬಾಯಿ ಮುಚ್ಚಿಕೊಂಡೆ. ಅದು ನನಗೆ ಅಭ್ಯಾಸವಿಲ್ಲದ ಕೆಲಸ, ದವಡೆ ನೋಯಿತು.

ಮನೆಯಲ್ಲಿ ಅತ್ತೆ ಅಂದೇ ಹಳೆಯ ಕಂಬಳಿಗಳನ್ನೆಲ್ಲ ಅಟ್ಟದಿಂದ ಇಳಿಸಿದರು. ಸಮಿತಿಯ ಏಳು ಜನ ಶೀತಲ ಕೋಣೆಗೆ ತೆಳು ಅಂಗಿಯಲ್ಲಿ ಬಂದರೆ ನೆಗಡಿ ಹಿಡಿದು ನಮ್ಮನ್ನೇ ಬೈಯುತ್ತಾರೆ ಎಂಬುದು ಅವರ ವಾದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ,” ಎಂದೆ.

“ಹುಟ್ಟಿದ ಮೇಲೆ ಹೊಲಿಯೋಕೆ ಪುರುಸೊತ್ತು ಎಲ್ಲಿರುತ್ತೆ?” ಎಂದು ಅತ್ತೆ ಕತ್ತರಿ ತೆಗೆದುಕೊಂಡರು. “ಆ ಮೇಯರ್ ಎದೆ ಸುತ್ತಳತೆ ಎಷ್ಟಿರಬಹುದು? ಕಣ್ಣಳತೇಲಿ ಹೇಳು.”

“ಎರಡು ಕಂಬಳಿ.”

ಇಂಜಿನಿಯರ್ ಹುಡುಗಿ ನಮಗೆಲ್ಲ ತೋರಿಸಲೆಂದು ಒಂದು ಜೊತೆ ಜಾರುಹಲಗೆ ಕೊಟ್ಟಿದ್ದಳು. ನನ್ನ ಗಂಡ ಅದನ್ನು ಕಾಲಿಗೆ ಕಟ್ಟಿಕೊಂಡು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದ. ಅಷ್ಟಕ್ಕೇ ಧೈರ್ಯ ಬಂದು ಮೆಟ್ಟಿಲ ಕಡೆ ಹೋದ. ನಮ್ಮ ಕಟ್ಟಡದ ಮೆಟ್ಟಿಲು ನಡುವೆ ತಿರುಗುತ್ತದೆ, ಹಲಗೆ ತಿರುಗುವುದಿಲ್ಲ. ಒಂದು ಹಲಗೆ ಕಂಬಿಯ ಸಂದಿಗೆ, ಇನ್ನೊಂದು ಕೆಳಗಿನ ಮನೆಯ ನಿವೃತ್ತ ಮೇಡಮ್ಮನ ಹೂಕುಂಡದ ಹಿಂದಕ್ಕೆ ಸಿಕ್ಕಿಕೊಂಡು ಅರ್ಧ ಗಂಟೆ ಅಲ್ಲೇ ನಿಂತಿದ್ದ. ಇಷ್ಟು ಉದ್ದದ ಬಸ್ಸನ್ನು ಮಾರುಕಟ್ಟೆಯ ಸಂದಿಯಲ್ಲಿ ತಿರುಗಿಸುವವನು ತನ್ನ ಎರಡು ಕಾಲು ತಿರುಗಿಸಲಾರದೆ ಹೋದನಲ್ಲ ಎಂದು ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಮಾವನೂ ನಕ್ಕರು. ಆ ವಾರ ಅವರು ಮನಸಾರೆ ನಕ್ಕದ್ದು ಅದೊಂದೇ ಸಲ.

ಏಕೆಂದರೆ ಹಿಮ ಆಗುತ್ತಿರಲಿಲ್ಲ.

ಕಾರ್ಖಾನೆಯ ದೊಡ್ಡ ಶೀತಲ ಕೋಣೆಯನ್ನು ಖಾಲಿ ಮಾಡಿಸಿದ್ದೆವು, ಮೂರಾಳು ಎತ್ತರದ ಕೋಣೆ. ಮೇಲೆ ಒಂದು ಮೂತಿ ಕೂರಿಸಿದ್ದರು. ತಿರುಪು ಹಾಕಿದ ಒಂದು ಕೊಳವೆಯಲ್ಲಿ ನೀರು, ಇನ್ನೊಂದರಲ್ಲಿ ಒತ್ತಿದ ಗಾಳಿ ಬಂದು ಎರಡೂ ಸೇರಿ ಹೊರಗೆ ಸಿಡಿಯಬೇಕು, ಸಿಡಿದ ಸಣ್ಣ ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಹಿಮವಾಗಿ ಬೀಳಬೇಕು. ಮಾವ ತಮ್ಮ ಗಡ್ಡೆಗೆ ಬಳಸುವ ನೀರನ್ನೇ ಬಳಸಿದರು: ಮರಳಿನಲ್ಲಿ ಸೋಸಿದ್ದು, ಇದ್ದಿಲಿನಲ್ಲಿ ಸೋಸಿದ್ದು. ಮೊದಲ ಪ್ರಯತ್ನದಲ್ಲಿ ನಾಲ್ಕು ಬಿಳಿ ಕಾಳು ಬಿದ್ದವು, ಉಳಿದದ್ದು ನೀರಾಗಿಯೇ ಇಳಿಯಿತು.

“ನೀರು ಇನ್ನೂ ಶುದ್ಧ ಆಗ್ಬೇಕು,” ಎಂದರು ಮಾವ. ಕುದಿಸಿ, ಆರಿಸಿ, ಬಟ್ಟೆಯಲ್ಲಿ ಮೂರು ಮಡಿಕೆ ಹಾಕಿ ಮತ್ತೆ ಸೋಸಿಸಿದರು. ಈ ಸಲ ಆ ನಾಲ್ಕು ಕಾಳೂ ಬೀಳಲಿಲ್ಲ. “ಇನ್ನೂ ಶುದ್ಧ ಆಗ್ಬೇಕು,” ಎಂದರು. ಕೈ ತೊಳೆಯದೆ ಯಾರೂ ಆ ಪಾತ್ರೆ ಮುಟ್ಟುವಂತಿರಲಿಲ್ಲ. ಪಂಪು ನೋಡಿಕೊಳ್ಳುವವನು ಒಮ್ಮೆ ಅದರ ಹತ್ತಿರ ಸೀನಿದ್ದಕ್ಕೆ ಇಡೀ ಪಾತ್ರೆಯ ನೀರು ಚೆಲ್ಲಿಸಿದರು.

ಸಮಿತಿ ಬಂದ ದಿನ ಏಳು ಜನರೂ ಅತ್ತೆಯ ಕಂಬಳಿ ಕೋಟು ತೊಟ್ಟು ಸಾಲಾಗಿ ಒಳಬಂದರು. ಮಾವ ತಿರುಪು ತಿರುಗಿಸಿದರು. ಮೂತಿಯಿಂದ ನವಿರಾದ ಹನಿ ಹೊಗೆಯಂತೆ ಹೊರಟಿತು. ಎಲ್ಲರೂ ಕತ್ತೆತ್ತಿ ನೋಡಿದರು. ಒಂದು ನಿಮಿಷ, ಎರಡು ನಿಮಿಷ, ಹತ್ತು ನಿಮಿಷ. ಮೀಸೆಯ ಮೇಲೆ ಹನಿ ಕೂತಿತು, ಕೋಟಿನ ಮೇಲೆ ಹನಿ ಕೂತಿತು, ನೆಲ ಮಾತ್ರ ಕಪ್ಪಗೆ ಹೊಳೆಯುತ್ತಿತ್ತು.

“ಎಲ್ರೀ ಹಿಮ?” ಎಂದು ಮೇಯರ್ ಒಂದು ಹೆಜ್ಜೆ ಮುಂದಿಟ್ಟರು. ಆ ಹೆಜ್ಜೆ ಅವರನ್ನು ಬಿಟ್ಟು ತಾನೊಂದೇ ಮುಂದೆ ಹೋಯಿತು. ಹಿಡಿಯಲು ಹೋದ ಮಾಲೀಕರು ಅವರ ಪಕ್ಕದಲ್ಲೇ ಮಲಗಿದರು. ಮಾಲೀಕರನ್ನು ಹಿಡಿಯಲು ಹೋದವರು ಸಮಿತಿಯ ಇಬ್ಬರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕೂ ಇರಲಿಲ್ಲ, ಕನ್ನಡಿಯ ಹಾಗೆ ಸಮವಾಗಿ ಒಂದು ಬೆರಳು ದಪ್ಪ ಗಡ್ಡೆ ಕಟ್ಟಿತ್ತು. ಹನಿಗಳು ಗಾಳಿಯಲ್ಲಿ ಹೆಪ್ಪುಗಟ್ಟದೆ ನೆಲಕ್ಕೆ ಬಂದು, ನಿಧಾನವಾಗಿ ಹರಡಿ, ಅಲ್ಲಿ ಹೆಪ್ಪುಗಟ್ಟಿದ್ದವು.

ನಾಲ್ಕು ದೊಡ್ಡ ಮನುಷ್ಯರು ನೆಲದ ಮೇಲೆ ಒದ್ದಾಡುತ್ತಿರುವಾಗ ಮಾವ ಮಂಡಿಯೂರಿ ಬಗ್ಗಿ ಏನೋ ನೋಡುತ್ತಿದ್ದರು. ಗಡ್ಡೆಯ ಕೆಳಗೆ ಮೋರಿಯ ಮುಚ್ಚಳವಿತ್ತು. ಅದರ ಮೇಲೆ ಕೊರೆದ ಸಣ್ಣ ಅಕ್ಷರ ಮೇಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. “ಒಂದು ಚೂರೂ ಗಾಳಿ ಇಲ್ಲ,” ಎಂದರು, ತಮಗೆ ತಾವೇ. ಆ ದನಿಯಲ್ಲಿ ಹೆಮ್ಮೆ ಇತ್ತು, ದೇವರಾಣೆ. ಆಮೇಲೆ ತಲೆ ಎತ್ತಿ ಮೇಯರ್ ಮುಖ ನೋಡಿದರು, ಆಗ ಆ ಹೆಮ್ಮೆ ಇಳಿಯಿತು.

ಮೇಯರ್ ಒಳ್ಳೆಯ ಮನುಷ್ಯ. ಕೂತಲ್ಲೇ ಮೀಸೆ ಮುಟ್ಟಿ ನೋಡಿಕೊಂಡು, “ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾಗೋಕೆ ಇಲ್ಲಿ ಮಣ್ಣೇ ಇಲ್ವಲ್ರೀ,” ಎಂದು ನಕ್ಕರು. ಎಬ್ಬಿಸಿ ನಿಲ್ಲಿಸಿದ ಮೇಲೆ, “ಹತ್ತು ದಿನ ಬಿಟ್ಟು ಬರ್ತೀನಿ ಮೇಸ್ತ್ರಿಗಳೇ. ಆಗಲೂ ಹೀಗೇ ಆದ್ರೆ ನಾನು ಕಂಪನಿಯವರಿಗೆ ಹೂಂ ಅನ್ಬೇಕಾಗುತ್ತೆ,” ಎಂದರು. ಅದನ್ನು ನಗದೆ ಹೇಳಿದರು.

ಮಣ್ಣೇ ಇಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೀರು ಕೊಂಚ ಕಡಿಮೆ ಶುದ್ಧವಿದ್ದಾಗ ನಾಲ್ಕು ಕಾಳಾದರೂ ಬಿದ್ದಿದ್ದವು. ಶುದ್ಧ ಮಾಡಿದಷ್ಟೂ ಕಡಿಮೆಯಾದವು. ಇನ್ನೊಂದು ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಹೊಟ್ಟೆನೀರಿನ ಬಕೆಟ್ಟನ್ನು ತಣ್ಣನೆ ಗೋಡೆಯ ಪಕ್ಕ ಅರೆಗಳಿಗೆ ಮರೆತರೆ ಸಾಕು, ಅದರಲ್ಲಿ ಬಿಳಿ ಹಳುಕು ಏಳುತ್ತಿತ್ತು. ಅದೇ ಗೋಡೆಯ ಪಕ್ಕ ಮಾವನ ಸೋಸಿದ ನೀರು ಗಂಟೆಗಟ್ಟಲೆ ನೀರಾಗಿಯೇ ಇರುತ್ತಿತ್ತು. ನೀರಿನ ಹನಿಗೆ ಹೆಪ್ಪುಗಟ್ಟಲು ಹಿಡಿದುಕೊಳ್ಳುವುದಕ್ಕೆ ಏನಾದರೊಂದು ಬೇಕು, ಒಂದು ಧೂಳಿನ ಕಣವಾದರೂ ಸರಿ. ಹಾಲು ಹೆಪ್ಪಾಗಲು ಒಂದು ಚಮಚ ಮೊಸರು ಬೇಕಲ್ಲ, ಹಾಗೆ. ಮಾವ ಆ ಒಂದು ಚಮಚವನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ ಎಸೆಯುತ್ತಿದ್ದರು.

ಮರುದಿನ ಚಹಾದ ಹೊತ್ತಿಗೆ ಇದನ್ನು ಮಾವನಿಗೆ ಹೇಳಿದೆ. ಹೊಟ್ಟೆನೀರಿನಲ್ಲಿ ಒಮ್ಮೆ ಮಾಡಿ ನೋಡೋಣ ಎಂದೆ.

“ಚರಂಡಿಗೆ ಚೆಲ್ಲೋ ನೀರು ಅದು,” ಎಂದರು ಮಾವ. “ಅದನ್ನ ಜನರ ತಲೆ ಮೇಲೆ ಸುರೀಲಾ?”

“ತಲೆ ಮೇಲಲ್ಲ, ಕಾಲ ಕೆಳಗೆ. ಧೂಳು, ಸುಣ್ಣ ಬಿಟ್ರೆ ಅದ್ರಲ್ಲಿ ಇನ್ನೇನಿದೆ? ನಿಮ್ಮ ನೀರಲ್ಲಿ ಶುದ್ಧ ಜಾಸ್ತಿ ಆಗಿದೆ, ಮಾವ.”

“ಶುದ್ಧ ಅನ್ನೋದು ಜಾಸ್ತಿ ಆಗೋ ವಸ್ತುನಾ?”

“ಆಗಿದೆಯಲ್ಲ, ಮೇಯರನ್ನ ಕೇಳಿ. ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಳ್ತಿರ್ತಾರೆ.”

ಇದನ್ನು ಹೇಳಬಾರದಿತ್ತು. ಸುತ್ತ ನಿಂತಿದ್ದವರು ನಕ್ಕರು, ಮಾವನ ಮುಖ ಕಲ್ಲಾಯಿತು. “ಕೊಳೆ ನೀರಲ್ಲಿ ನಾನು ಏನನ್ನೂ ಮಾಡಿದವನಲ್ಲ, ಮಾಡೋದೂ ಇಲ್ಲ. ನೀನು ನಿನ್ನ ಬಕೆಟ್ಟು ನೋಡ್ಕೋ,” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ನಾಲ್ಕನೇ ಕಾಲು ತೋರಿಸಿ ಪ್ರಯೋಜನವಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ. “ನಿಮ್ಮ ಹಟಕ್ಕೆ ಹತ್ತೊಂಬತ್ತು ಜನ ಮನೆಗೆ ಹೋಗ್ತೀವಿ,” ಎಂದು ಅಂದುಬಿಟ್ಟೆ. ಅವರು ಎದ್ದು ಹೋದರು. ಆ ಕ್ಷಣ ನನಗೆ ಅಷ್ಟು ಹೊತ್ತಿನ ಕೋಪವೆಲ್ಲ ಹೋಗಿ ಪಾಪ ಎನ್ನಿಸಿತು, ಆದರೆ ಹಿಂದೆ ಓಡಿಹೋಗಿ ಅದನ್ನು ಹೇಳಲಿಲ್ಲ.

ಏಳನೇ ದಿನ ಮಾವನಿಗೆ ಹಲ್ಲುನೋವು. ಮಧ್ಯಾಹ್ನ ದಂತವೈದ್ಯರ ಹತ್ತಿರ ಹೋದರು. ಅವರ ಬೆನ್ನು ಗೇಟು ದಾಟುತ್ತಲೇ ನಾನು ಪಂಪಿನವನ ಹತ್ತಿರ ಹೋದೆ. ಅವನು ಮಾವನ ವಯಸ್ಸಿನವನೇ, ಮಾವನಿಗೆ ಹೆದರುವವರಲ್ಲಿ ಮೊದಲಿಗ.

“ಅಣ್ಣ, ನಾಲ್ಕು ಬಕೆಟ್ಟು ಹೊಟ್ಟೆನೀರು ಎತ್ತಿಟ್ಟಿದೀನಿ. ಒಂದು ಸಲ ಮೂತಿಗೆ ಕೊಡು.”

“ಮೇಸ್ತ್ರಿಗೆ ಗೊತ್ತಾದ್ರೆ ನನ್ನನ್ನ ಉಪ್ಪುನೀರಿನ ತೊಟ್ಟೀಲಿ ಇಳಿಬಿಡ್ತಾರೆ.”

“ಹಿಮ ಬೀಳಲಿಲ್ಲ ಅಂದ್ರೆ ನಾನೇ ನಿನ್ನ ಜೊತೆ ಇಳೀತೀನಿ.”

ಅವನು ದೇವರ ಹೆಸರು ಹೇಳಿಕೊಂಡು ಪಂಪು ಹಾಕಿದ. ನಾನು ತಿರುಪು ಹಿಡಿದು ನಿಂತೆ. ಪೂರ್ತಿ ತೆಗೆದರೆ ಹನಿ ದಪ್ಪವಾಗುತ್ತಿತ್ತು. ಅರ್ಧಕ್ಕೆ ಇಳಿಸಿದೆ, ಇನ್ನೂ ಕಾಲು ಸುತ್ತು ಇಳಿಸಿದೆ. ಮೂತಿಯ ಮುಂದಿನ ಹೊಗೆ ಮೆಲ್ಲಗೆ ಬೆಳ್ಳಗಾಯಿತು. ಆಮೇಲೆ ಅದು ಕೆಳಗೆ ಇಳಿಯತೊಡಗಿತು. ಸದ್ದೇ ಇಲ್ಲ. ಇಷ್ಟು ದಿನ ಕೇಳಿದ ಆ ಚಿಟಿಚಿಟಿ ಹನಿಯ ಸದ್ದು ನಿಂತುಹೋಗಿತ್ತು. ಪಂಪಿನವನ ಬೋಳು ತಲೆಯ ಮೇಲೆ ಬಿಳಿ ಕೂತಿತು, ಕರಗಲಿಲ್ಲ.

ನಾನು ಅದುವರೆಗೆ ಹಿಮ ನೋಡಿರಲಿಲ್ಲ. ಅವನೂ ನೋಡಿರಲಿಲ್ಲ. ಇಬ್ಬರೂ ಅದರಲ್ಲಿ ಕೈ ಹಾಕಿದೆವು, ತಿಂದೆವು, ಕಾಲಿನಿಂದ ಒದ್ದೆವು. ನಾನು ಮಲಗಿಯೇಬಿಟ್ಟೆ. ಎಷ್ಟು ಸಂತೋಷವಾಯಿತು ಎಂದರೆ, ಹನ್ನೊಂದು ವರ್ಷ ಚರಂಡಿಗೆ ಸುರಿದ ಅಷ್ಟೂ ಬಕೆಟ್ಟು ನೆನಪಾಗಿ ಒಂದೊಂದಕ್ಕೂ ಕ್ಷಮೆ ಕೇಳಬೇಕೆನ್ನಿಸಿತು.

ಬಾಗಿಲ ಹತ್ತಿರ ಮಾವ ನಿಂತಿದ್ದರು. ಒಂದು ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ. ಮಾತಾಡುವಂತಿರಲಿಲ್ಲ. ಒಳಗೆ ಬಂದು ಬಗ್ಗಿ ಒಂದು ಹಿಡಿ ಎತ್ತಿಕೊಂಡರು. ಹಿಸುಕಿದರು, ಮೂಸಿದರು. ಕಂಕುಳಲ್ಲಿದ್ದ ದಿನಪತ್ರಿಕೆ ತೆಗೆದು ಆ ಹಿಡಿಯ ಹಿಂದೆ ಹಿಡಿದು ನೋಡಿದರು. ತಲೆಬರಹವೂ ಕಾಣುತ್ತಿರಲಿಲ್ಲ. ಮೂವತ್ತೆಂಟು ವರ್ಷದ ಲೆಕ್ಕದಲ್ಲಿ ಅದು ಒಡೆದು ಹಾಕಬೇಕಾದ ಮಾಲು. ಅವರು ಅದನ್ನು ಎಸೆಯಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದರು.

ಮೂರು ದಿನ ಮನೆಯಲ್ಲಿ ನಮ್ಮಿಬ್ಬರ ನಡುವೆ ಮಾತಿಲ್ಲ. ಹತ್ತಿ ತೆಗೆದ ಮೇಲೂ ಇಲ್ಲ. ಊಟಕ್ಕೆ ಎದುರುಬದುರು ಕೂತಿದ್ದರೂ, “ಅವಳಿಗೆ ಉಪ್ಪು ಕೊಡೋಕೆ ಹೇಳು,” ಎಂದು ಮಾವ ಅತ್ತೆಗೆ ಹೇಳುವುದು. “ಉಪ್ಪು ಅವರ ಎಡಗೈ ಹತ್ರಾನೇ ಇದೆ ಅಂತ ಹೇಳಿ, ಅತ್ತೆ,” ಎಂದು ನಾನು ಹೇಳುವುದು. ನನ್ನ ಗಂಡ ಎರಡು ದಿನ ಬೇಕೆಂದೇ ಊಟದ ಹೊತ್ತಿಗೆ ಬಸ್ಸು ಓಡಿಸಿದ. ಮೂರನೇ ದಿನ ಅತ್ತೆ ತಟ್ಟೆ ಸರಿಸಿ ಎದ್ದರು.

“ಕಾರ್ಖಾನೇಲಿ ಇರೋ ತಂಡಿ ಸಾಲದು ಅಂತ ಮನೆಗೂ ತಂದಿದೀರಾ? ನಾನೇನು ಟೆಲಿಫೋನ್ ಕಂಬನಾ? ನಾಳೆ ಆ ಮೇಯರ್ ಬರೋ ಹೊತ್ತಿಗೆ ಇಬ್ರೂ ನೆಟ್ಟಗಾಗದಿದ್ರೆ ಏಳು ಕೋಟೂ ಬಿಚ್ಚಿ ಮತ್ತೆ ಕಂಬಳಿ ಮಾಡ್ತೀನಿ.”

ಮಾವ ಕೈ ತೊಳೆಯಲು ಹೋದರು.

ಮಲಗಿದಾಗ ಎರಡು ಯೋಚನೆ ಬಂದವು. ಒಂದು, ನಾಳೆ ಮಾವ ಹಟ ಬಿಡದೆ ತಮ್ಮ ಸೋಸಿದ ನೀರನ್ನೇ ಬಿಡುತ್ತಾರೆ, ಎಲ್ಲರೂ ಮನೆಗೆ ಹೋಗುತ್ತೇವೆ. ಇನ್ನೊಂದು, ನನ್ನ ಹೊಟ್ಟೆನೀರು ಬಿಡುತ್ತಾರೆ, ಹಿಮ ಬೀಳುತ್ತದೆ, ಗಾಜು ಮೇಸ್ತ್ರಿಗೆ ಜಯವಾಗುತ್ತದೆ, ನಾನು ಬಕೆಟ್ಟು ಹೊರುತ್ತಲೇ ಇರುತ್ತೇನೆ. ಎರಡರಲ್ಲಿ ಯಾವುದು ಹೆಚ್ಚು ಉರಿಯುತ್ತದೆ ಎಂದು ನೋಡಿಕೊಂಡೆ. ಎರಡನೆಯದೇ. ಹೇಳಿಕೊಳ್ಳಲು ನಾಚಿಕೆಯಾದರೂ ಸತ್ಯ ಅದು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾವ ಹೋಗಿ ಗಂಟೆಯಾಗಿತ್ತು. ಮೂತಿಗೆ ನೀರು ಕೊಡುವ ತೊಟ್ಟಿ ತುಂಬಿತ್ತು, ಮುಚ್ಚಳ ಹಾಕಿತ್ತು. ನಾನು ಎತ್ತಿಟ್ಟಿದ್ದ ಹೊಟ್ಟೆನೀರಿನ ಎಂಟು ಬಕೆಟ್ಟೂ ಗೋಡೆಯ ಪಕ್ಕ ಬೋರಲಾಗಿದ್ದವು. ತೊಟ್ಟಿಗೆ ಹೋಯಿತೋ, ಚರಂಡಿಗೆ ಹೋಯಿತೋ? ಚರಂಡಿ ನೋಡಲು ಹಿತ್ತಲಿಗೆ ಓಡಬೇಕೆನ್ನುವಷ್ಟರಲ್ಲಿ ಮೇಯರ್ ಬಂದರು. ಈ ಸಲ ಕೈಯಲ್ಲಿ ಊರುಗೋಲಿತ್ತು. ಅತ್ತೆ ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಕೋಟು ತೊಡಿಸಿ ಗುಂಡಿ ಹಾಕಿ ಒಳಗೆ ಬಿಟ್ಟರು.

ಮಾವ ತಿರುಪು ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಹನಿಯ ಸದ್ದು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟೆ.

ಕೇಳಿಸಲಿಲ್ಲ. ಕಣ್ಣು ತೆರೆದಾಗ ಮೇಯರ್ ಮೀಸೆ ಬೆಳ್ಳಗಾಗಿತ್ತು.

ಇಂಜಿನಿಯರ್ ಹುಡುಗಿ ಎರಡೂ ಅಂಗೈ ಚಾಚಿ ನಿಂತಿದ್ದಳು. ನೆಲದ ಮೇಲೆ ಬಿಳಿ ಏರುತ್ತಾ ಹೋಗಿ ಹೆಜ್ಜೆ ಹುದುಗುವಷ್ಟಾಯಿತು. ಮೇಯರ್ ಊರುಗೋಲಿನಿಂದ ಚುಚ್ಚಿ ನೋಡಿ, ಒಂದು ಹೆಜ್ಜೆ ಇಟ್ಟು ನೋಡಿ, ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಸೀದಾ ಹೋಗಿ ಮಾವನ ಕೈ ಹಿಡಿದುಕೊಂಡರು.

“ಗೆದ್ರಿ ಮೇಸ್ತ್ರಿಗಳೇ. ಮಾತು ಅಂದ್ರೆ ಮಾತು. ಗುಡ್ಡದ ಹಿಮಕ್ಕೆ ಇನ್ನು ನೀವೇ ಮುಖ್ಯಸ್ಥರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹತ್ತೊಂಬತ್ತು ಜನರ ಕೆಲಸ ಉಳಿಯಿತಲ್ಲ, ನುಂಗಿಕೋ, ಎಂದು ನನಗೆ ನಾನೇ ಹೇಳಿಕೊಂಡೆ.

ಮಾವ ತಮ್ಮ ಕೈ ಬಿಡಿಸಿಕೊಂಡರು.

“ನಾನು ಮಾಡಿದ್ದು ಹೋದ ಸಲ,” ಎಂದರು. “ನೀವು ಬಿದ್ರಲ್ಲ, ಆ ನೆಲ. ಅದು ನನ್ನದು. ಇದು ನನ್ನ ಸೊಸೆ ಮಾಡಿದ್ದು. ಈ ನೀರನ್ನ ಚೆಲ್ಲು ಅಂತ ಹನ್ನೊಂದು ವರ್ಷ ನಾನೇ ಹೇಳಿದೀನಿ. ಇವಳು ಚೆಲ್ಲೋಕೆ ಮುಂಚೆ ಅದನ್ನ ನೋಡ್ತಿದ್ಲು. ನಾನು ಒಂದು ದಿನಾನೂ ನೋಡಲಿಲ್ಲ.”

ಇಷ್ಟು ಉದ್ದದ ಮಾತನ್ನು ಮಾವ ಒಟ್ಟಿಗೆ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೇಯರ್ ನನ್ನ ಕಡೆ ತಿರುಗಿದರು, ಮತ್ತೆ ಅವರ ಕಡೆ ತಿರುಗಿದರು.

“ಹಾಗಾದ್ರೆ ನಿಮಗೇನು ಕೆಲಸ?”

“ಒಂದು ಸಲಿಕೆ ಸಾಕು. ಕೊಡೋದು ಬಿಡೋದು ಅವಳಿಗೆ ಸೇರಿದ್ದು.”

ಮಾವನಿಗೆ ಹೇಳಬೇಕೆಂದು ಮೂರು ದಿನದಿಂದ ನಾನು ಹರಿತ ಮಾಡಿಟ್ಟುಕೊಂಡ ಮಾತು ಒಂದೆರಡಲ್ಲ. ಒಂದೂ ಬರಲಿಲ್ಲ. ಮೇಯರ್ ನನ್ನ ಕೈ ಕುಲುಕಿದರು, ನಾನು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಬಾಗಿಲಿಂದಲೇ, “ಇಲ್ಲಿ ಅಳಬೇಡ್ವೇ, ಕಣ್ಣೀರೂ ಗಡ್ಡೆ ಆಗುತ್ತೆ,” ಎಂದರು. ಅವರ ಕಣ್ಣು ಮಾತ್ರ ಬಾಗಿಲಾಚೆಯ ಬಿಸಿಲಿನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು.

ಆಮೇಲೆ ಯಾರು ಮೊದಲು ಎಸೆದರೋ ಗೊತ್ತಿಲ್ಲ. ಪಂಪಿನವನೇ ಇರಬೇಕು. ಒಂದು ಹಿಮದ ಉಂಡೆ ಬಂದು ಮಾಲೀಕರ ಕಿವಿಗೆ ಬಿತ್ತು. ಮಾಲೀಕರು ತಿರುಗಿಸಿ ಎಸೆದದ್ದು ಸಮಿತಿಯ ಮೇಲೆ ಬಿತ್ತು. ಸಮಿತಿ ಒಮ್ಮತದಿಂದ ಉತ್ತರ ಕೊಟ್ಟಿತು. ಬಸ್ಸು ನಿಲ್ಲಿಸಿ ಐದು ನಿಮಿಷಕ್ಕೆಂದು ಇಣುಕಿದ ನನ್ನ ಗಂಡನಿಗೆ ಬಾಗಿಲಲ್ಲೇ ಎರಡು ಬಿದ್ದವು. ಮೇಯರ್ ಊರುಗೋಲು ಬಿಸಾಕಿ ಎರಡೂ ಕೈಯಲ್ಲಿ ಉಂಡೆ ಕಟ್ಟುತ್ತಿದ್ದರು.

ಮಾವ ಮಾತ್ರ ತಿರುಪಿನ ಹತ್ತಿರವೇ ನಿಂತಿದ್ದರು. ನಾನು ಮುಖ ಒರೆಸಿಕೊಂಡು ಅವರ ಪಕ್ಕಕ್ಕೆ ಹೋದೆ. ಇಬ್ಬರೂ ಮೂತಿಯ ಕಡೆ ನೋಡಿದೆವು. ನೀರಿನ ಒತ್ತಡ ಏರಿ ಹನಿ ಸ್ವಲ್ಪ ದಪ್ಪವಾಗುತ್ತಿತ್ತು. ಅವರ ಕೈ ತಿರುಪಿನ ಮೇಲಿತ್ತು, ಆದರೆ ಅವರು ತಿರುಗಿಸಲಿಲ್ಲ.

“ಹನಿ ದಪ್ಪ ಆಗ್ತಿದೆ,” ಎಂದರು. “ಎಷ್ಟು ಇಳಿಸ್ಲಿ?”

ಮೂವತ್ತೆಂಟು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ.

“ಕಾಲು ಸುತ್ತು,” ಎಂದೆ.

ಅಳೆದು ಕಾಲು ಸುತ್ತು ಇಳಿಸಿ, ಕೈ ತೆಗೆಯದೆ ನನ್ನ ಮುಖ ನೋಡಿದರು. “ಸಾಕಾ?”

ನಿಜ ಹೇಳಬೇಕೆಂದರೆ ಅಷ್ಟು ಸಾಕಾಗಿತ್ತು. ಆದರೆ ಆ ಮಾತನ್ನು ಅವರ ಬಾಯಲ್ಲಿ ಇನ್ನೊಂದು ಸಲ ಕೇಳಬೇಕೆನ್ನಿಸಿತು.

“ಇನ್ನೊಂಚೂರು,” ಎಂದೆ.